ಭಾರತ ಮಹಿಳಾ ರಾಷ್ಟ್ರೀಯ ಫುಟ್‌ಬಾಲ್ ತಂಡ

ಭಾರತ ಮಹಿಳಾ ರಾಷ್ಟ್ರೀಯ ಫುಟ್‌ಬಾಲ್ ತಂಡವು ಅಂತಾರಾಷ್ಟ್ರೀಯ ಮಹಿಳಾ ಫುಟ್‌ಬಾಲ್ ಪಂದ್ಯಗಳಲ್ಲಿ ಭಾರತವನ್ನು ಪ್ರತಿನಿಧಿಸುವ ತಂಡವಾಗಿದೆ. ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ (ಎಐಎಫ್‌ಎಫ್) ಇದನ್ನು ನಿಯಂತ್ರಿಸುತ್ತದೆ. ಏಷ್ಯಾ ಮಟ್ಟದಲ್ಲಿ ಎರಡು ಬಾರಿ ದ್ವಿತೀಯ ಸ್ಥಾನ ಗಳಿಸಿದ್ದ ಈ ತಂಡವು ಮುಂದೆ ಪಂದ್ಯಗಳೇ ಇಲ್ಲದೆ ಫಿಫಾ ಶ್ರೇಯಾಂಕ ಪಟ್ಟಿಯಿಂದಲೇ ಹೊರಬಿದ್ದಿತ್ತು.

ಆರಂಭದ ವರ್ಷಗಳು

1975ರಲ್ಲಿ ಭಾರತ ಮಹಿಳಾ ಫುಟ್‌ಬಾಲ್ ಫೆಡರೇಶನ್ ಸ್ಥಾಪನೆಯಾಯಿತು. ಇದು ಎಐಎಫ್‌ಎಫ್‌ನ ಅಂಗವಾಗಿರದೆ, ಏಷ್ಯಾದ ಮಹಿಳಾ ಫುಟ್‌ಬಾಲ್ ಒಕ್ಕೂಟಕ್ಕೆ ಸೇರಿದ ಪ್ರತ್ಯೇಕ ಸಂಸ್ಥೆಯಾಗಿತ್ತು. 1980ರಲ್ಲಿ ಕೇರಳದ ಕಲ್ಲಿಕೋಟೆಯಲ್ಲಿ ನಡೆದ ಏಷ್ಯಾ ಚಾಂಪಿಯನ್‌ಷಿಪ್‌ನ ಫೈನಲ್‌ನಲ್ಲಿ ಭಾರತವು ಚೈನೀಸ್ ತೈಪೆ ಎದುರು 0–2ರಿಂದ ಸೋತಿತು. 1981ರಲ್ಲಿ ಹಾಂಗ್‌ಕಾಂಗ್‌ನಲ್ಲಿ ತೃತೀಯ ಸ್ಥಾನ ಪಡೆದು, 1983ರಲ್ಲಿ ಬ್ಯಾಂಕಾಕ್‌ನಲ್ಲಿ ಮತ್ತೆ ಫೈನಲ್ ತಲುಪಿ ಥಾಯ್ಲೆಂಡ್‌ಗೆ ಮಣಿಯಿತು. ಚೀನಾ ಮತ್ತು ಉತ್ತರ ಕೊರಿಯಾ ಆಗ ಇನ್ನೂ ಈ ಸ್ಪರ್ಧೆಗೆ ಕಾಲಿಟ್ಟಿರಲಿಲ್ಲ ಎಂಬುದನ್ನು ನೆನಪಿಡಬೇಕು. ಆದರೂ ಅಲ್ಪ ಸೌಲಭ್ಯದಲ್ಲಿ ಗಳಿಸಿದ ಈ ಸಾಧನೆ ಸಣ್ಣದಲ್ಲ. ಇದೇ ತಂಡದ ಶಾಂತಿ ಮಲ್ಲಿಕ್ ಅವರು ಅರ್ಜುನ ಪ್ರಶಸ್ತಿ ಪಡೆದ ಮೊದಲ ಮಹಿಳಾ ಫುಟ್‌ಬಾಲ್ ಆಟಗಾರ್ತಿ (1983).

ಹಿನ್ನಡೆ

1990ರ ದಶಕದ ಆರಂಭದಲ್ಲಿ ಮಹಿಳಾ ಫುಟ್‌ಬಾಲ್‌ನ ಆಡಳಿತ ಎಐಎಫ್‌ಎಫ್‌ಗೆ ಬಂದಿತು. ಆಡಳಿತ ಬದಲಾದರೂ ಆಟಗಾರ್ತಿಯರಿಗೆ ಆಡಲು ರಾಷ್ಟ್ರೀಯ ಲೀಗ್ ಇರಲಿಲ್ಲ. ಅಂತಾರಾಷ್ಟ್ರೀಯ ಪಂದ್ಯಗಳೂ ವಿರಳವಾಗಿದ್ದವು. ಇತ್ತ ಚೀನಾ, ಜಪಾನ್ ಮೊದಲಾದ ದೇಶಗಳು ಬಹಳ ಮುಂದೆ ಸಾಗಿದವು. 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಚೀನಾ ಎದುರು ಭಾರತವು 0–16ರಿಂದ ಸೋತಿತು. 2009ರಲ್ಲಿ, ಹದಿನೆಂಟು ತಿಂಗಳಿಗೂ ಹೆಚ್ಚು ಕಾಲ ಪಂದ್ಯವಾಡದ ಕಾರಣ ಫಿಫಾ ಪಟ್ಟಿಯಿಂದ ತಂಡದ ಹೆಸರು ಬಿಟ್ಟುಹೋಯಿತು. ಈ ಕಷ್ಟದ ಕಾಲದುದ್ದಕ್ಕೂ ಆಡಿದವರು ಮಣಿಪುರದ ಓಯಿನಾಮ್ ಬೆಂಬೆಂ ದೇವಿ. ಅವರಿಗೆ ಅರ್ಜುನ ಪ್ರಶಸ್ತಿ ದೊರೆತದ್ದು 2017ರಲ್ಲಿ, ಪದ್ಮಶ್ರೀ 2020ರಲ್ಲಿ.

ಪುನರುತ್ಥಾನ

ದಕ್ಷಿಣ ಏಷ್ಯಾದ ಸ್ಯಾಫ್ ಚಾಂಪಿಯನ್‌ಷಿಪ್ ಅನ್ನು ಭಾರತವು 2010, 2012, 2014, 2016 ಮತ್ತು 2019ರಲ್ಲಿ, ಅಂದರೆ ಮೊದಲ ಐದೂ ಆವೃತ್ತಿಗಳಲ್ಲಿ, ಗೆದ್ದಿತು. ನಂತರದ ಎರಡು ಪ್ರಶಸ್ತಿಗಳು ಬಾಂಗ್ಲಾದೇಶದ ಪಾಲಾದವು.

ಇಂಡಿಯನ್ ವಿಮೆನ್ಸ್ ಲೀಗ್ ಆರಂಭವಾದದ್ದು 2016–17ರಲ್ಲಿ. ಮೊದಮೊದಲು ಕೆಲವೇ ವಾರಗಳಲ್ಲಿ ಮುಗಿಯುತ್ತಿದ್ದ ಈ ಲೀಗ್, 2023–24ರಿಂದ ಪ್ರತಿ ತಂಡವೂ ತನ್ನ ನೆಲದಲ್ಲಿ ಹಾಗೂ ಎದುರಾಳಿಯ ನೆಲದಲ್ಲಿ ಆಡುವ ಪದ್ಧತಿಗೆ ಬದಲಾಯಿತು. ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ 2022–23ರಲ್ಲಿ ಇದರ ರನ್ನರ್-ಅಪ್ ಆಗಿತ್ತು. 2020ರಲ್ಲಿ ಬಾಲಾ ದೇವಿ ಸ್ಕಾಟ್ಲೆಂಡಿನ ರೇಂಜರ್ಸ್ ಕ್ಲಬ್ ಸೇರಿದರು. ಮನೀಷಾ ಕಲ್ಯಾಣ್ 2021ರ ಸೌಹಾರ್ದ ಪಂದ್ಯಾವಳಿಯಲ್ಲಿ ಬ್ರೆಜಿಲ್ ವಿರುದ್ಧ ಗೋಲು ಗಳಿಸಿದರು. ಆ ಪಂದ್ಯವನ್ನು ಭಾರತ 1–6ರಿಂದ ಸೋತಿತು.

2022ರ ಏಷ್ಯಾ ಕಪ್‌ಗೆ ಭಾರತವೇ ಆತಿಥೇಯ. ಇರಾನ್ ಜೊತೆ 0–0 ಡ್ರಾ ಆದ ಬಳಿಕ ಶಿಬಿರದಲ್ಲಿ ಕೋವಿಡ್ ಹರಡಿತು. ಜನವರಿ 23ರಂದು ನವಿ ಮುಂಬೈಯಲ್ಲಿ ಚೈನೀಸ್ ತೈಪೆ ವಿರುದ್ಧ ಕಣಕ್ಕಿಳಿಯಲು ಬೇಕಾದ ಕನಿಷ್ಠ 13 ಆಟಗಾರ್ತಿಯರೂ ಉಳಿಯಲಿಲ್ಲ. ಭಾರತ ಸ್ಪರ್ಧೆಯಿಂದ ಹೊರಗುಳಿದಂತಾಯಿತು, ಆಡಿದ ಪಂದ್ಯವೂ ಲೆಕ್ಕಕ್ಕೆ ಬರಲಿಲ್ಲ.

2026ರ ಏಷ್ಯಾ ಕಪ್‌ನ ಅರ್ಹತಾ ಸುತ್ತಿಗೆ ಮುನ್ನ ತಂಡವು ಬೆಂಗಳೂರಿನಲ್ಲಿ ದೀರ್ಘ ಶಿಬಿರ ನಡೆಸಿತು. ಆಗ ತರಬೇತುದಾರರಾಗಿದ್ದವರು ಕ್ರಿಸ್ಪಿನ್ ಛೆಟ್ರಿ. ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಮಂಗೋಲಿಯಾ (13–0), ಟಿಮೋರ್-ಲೆಸ್ಟೆ (4–0) ಮತ್ತು ಇರಾಕ್ (5–0) ತಂಡಗಳನ್ನು ಮಣಿಸಿದ ಬಳಿಕ, 2025ರ ಜುಲೈ 5ರಂದು, ಎರಡು ಬಾರಿ ವಿಶ್ವಕಪ್ ಆಡಿದ್ದ ಆತಿಥೇಯ ಥಾಯ್ಲೆಂಡ್ ಅನ್ನು ಭಾರತ 2–1ರಿಂದ ಸೋಲಿಸಿತು. ಎರಡೂ ಗೋಲುಗಳು ಸಂಗೀತಾ ಬಾಸ್ಫೋರ್ ಅವರದು. ಅರ್ಹತಾ ಸುತ್ತಿನ ಪಂದ್ಯಗಳನ್ನು ಗೆದ್ದು ಭಾರತವು ಏಷ್ಯಾ ಕಪ್ ಪ್ರವೇಶಿಸಿದ್ದು ಇದೇ ಮೊದಲು.