ಅಮೆರಿಕದ ಸಣ್ಣಕತೆಯಲ್ಲಿ ಮನುಷ್ಯನ ಗುರುತು

ಕತೆಯೊಂದನ್ನು ಕೇಳುವಾಗ ನಮ್ಮ ನಾಲಗೆಯ ತುದಿಗೆ ಬರುವ ಮೊದಲ ಪ್ರಶ್ನೆ, 'ಆಮೇಲೆ ಏನಾಯಿತು?' ಎಂಬುದು. ಅಮೆರಿಕದ ಸಣ್ಣಕತೆಯೂ ಬಹುಕಾಲ ಈ ಪ್ರಶ್ನೆಗೆ ಉತ್ತರ ಹೇಳುತ್ತಲೇ ಬೆಳೆಯಿತು. ಇಪ್ಪತ್ತನೆಯ ಶತಮಾನದ ಮೊದಲ ಪಾದದಲ್ಲಿ ಅದು ಪ್ರಶ್ನೆಯನ್ನೇ ಬದಲಾಯಿಸಿಕೊಂಡಿತು. 'ಈತ ಎಂಥ ಮನುಷ್ಯ?' ಎಂಬುದು ಮುಂದಕ್ಕೆ ಬಂತು. ಈ ಬದಲಾವಣೆ ನಡೆದ ಬಗೆಯನ್ನೂ, ಅದರಿಂದ ಓದುಗರಾದ ನಮ್ಮ ಮೇಲೆ ಬಿದ್ದ ಹೊಣೆಯನ್ನೂ ನಾಲ್ಕು ಕತೆಗಳ ನೆರವಿನಿಂದ ನೋಡೋಣ.

೧೮೪೨ರಲ್ಲಿ ಎಡ್ಗರ್ ಆಲನ್ ಪೋ ಅವರು ಹಾಥಾರ್ನರ ಕತೆಗಳನ್ನು ವಿಮರ್ಶಿಸುತ್ತ ಒಂದು ಸೂತ್ರವನ್ನು ಹಾಕಿಕೊಟ್ಟರು. ಕತೆಗಾರನು ಓದುಗನ ಮನಸ್ಸಿನಲ್ಲಿ ಮೂಡಿಸಬೇಕಾದ ಒಂದೇ ಪರಿಣಾಮವನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ಪ್ರತಿಯೊಂದು ಪದವೂ ಅದಕ್ಕೆ ದುಡಿಯಬೇಕು ಎಂಬುದು ಅದರ ಸಾರ. ಈ ಮಾರ್ಗದ ಜನಪ್ರಿಯ ಫಲವೇ ಓ. ಹೆನ್ರಿಯವರ ಕತೆಗಳು. ೧೯೦೫ರ ಅವರ ಪ್ರಸಿದ್ಧ ಕ್ರಿಸ್‌ಮಸ್ ಕತೆಯಲ್ಲಿ ಡೆಲ್ಲಾ ಎಂಬ ಗೃಹಿಣಿಯ ಬಳಿ ಇರುವುದು ಒಂದು ಡಾಲರು ಎಂಬತ್ತೇಳು ಸೆಂಟು. ಗಂಡನ ಗಡಿಯಾರಕ್ಕೆ ಸರಪಳಿ ಕೊಳ್ಳಲು ಆಕೆ ತನ್ನ ನೀಳವಾದ ಕೂದಲನ್ನು ಮಾರುತ್ತಾಳೆ. ಆಕೆಯ ಕೂದಲಿಗೆ ಬಾಚಣಿಗೆಗಳನ್ನು ಕೊಳ್ಳಲು ಗಂಡನು ಗಡಿಯಾರವನ್ನೇ ಮಾರಿ ಬರುತ್ತಾನೆ. ಓದಿದವರ ಕಣ್ಣು ತೇವವಾಗುವುದು ಸಹಜ. ಆದರೂ ಗಮನಿಸಿ: ಆ ದಂಪತಿಗಳು ಒಳ್ಳೆಯವರು ಎಂಬುದಕ್ಕಿಂತ ಹೆಚ್ಚಾಗಿ ಅವರ ವಿಷಯ ನಮಗೆ ತಿಳಿಯುವುದಿಲ್ಲ. ಕತೆಯ ತಿರುವಿಗೆ ಬೇಕಾದಷ್ಟೇ ಸ್ವಭಾವವನ್ನು ಕತೆಗಾರರು ಅವರಿಗೆ ಅಳೆದು ಕೊಟ್ಟಿದ್ದಾರೆ.

ಈ ಅಳತೆಯನ್ನು ಮುರಿದವರು ಷರ್ವುಡ್ ಆಂಡರ್ಸನ್ನರು. ಒಹಾಯೋ ಪ್ರಾಂತದ ಇಲಿರಿಯಾ ಎಂಬ ಊರಿನಲ್ಲಿ ಬಣ್ಣದ ವ್ಯಾಪಾರ ನಡೆಸುತ್ತಿದ್ದ ಇವರು ೧೯೧೨ರಲ್ಲಿ ಒಂದು ದಿನ ಕಚೇರಿಯಿಂದ ಎದ್ದು ಹೊರಟುಬಿಟ್ಟರು. ಆಮೇಲೆ ಷಿಕಾಗೋ ಸೇರಿ ಬರಹಗಾರರಾದರು. ೧೯೧೯ರಲ್ಲಿ ಅವರ 'ವೈನ್ಸ್‌ಬರ್ಗ್, ಒಹಾಯೋ' ಹೊರಬಂತು. ನಮ್ಮ ಮಾಸ್ತಿಯವರ ಮೊದಲ ಕಥಾಸಂಕಲನ ಪ್ರಕಟವಾದದ್ದು ಅದರ ಮರುವರ್ಷ ಎಂದು ನೆನೆದರೆ ಕಾಲದ ಅಂದಾಜು ಸಿಕ್ಕೀತು.

ಆ ಪುಸ್ತಕದಲ್ಲಿ 'ಕೈಗಳು' ಎಂಬ ಕತೆಯೊಂದಿದೆ. ವಿಂಗ್ ಬಿಡಲ್‌ಬಾಮ್ ಎಂಬಾತ ಊರ ಅಂಚಿನಲ್ಲಿ ಒಂಟಿಯಾಗಿ ಬಾಳುತ್ತಾನೆ. ವಯಸ್ಸು ನಲವತ್ತು, ನೋಡಿದರೆ ಅರವತ್ತೈದು. ಒಂದೇ ದಿನದಲ್ಲಿ ೧೪೦ ಕ್ವಾರ್ಟು ಸ್ಟ್ರಾಬೆರಿ ಹಣ್ಣು ಬಿಡಿಸಿದ ಆತನ ಕೈಗಳೆಂದರೆ ಊರಿಗೆ ಹೆಮ್ಮೆ. ಆತನಿಗೆ ಮಾತ್ರ ಅವುಗಳನ್ನು ಕಂಡರೆ ಭಯ. ಸದಾ ಜೇಬಿನಲ್ಲಿ ಅಡಗಿಸಲು ನೋಡುತ್ತಾನೆ. ಕಾರಣವಿಷ್ಟು. ಹಿಂದೆ ಪೆನ್ಸಿಲ್ವೇನಿಯಾದ ಒಂದು ಊರಿನಲ್ಲಿ ಆತ ಉಪಾಧ್ಯಾಯನಾಗಿದ್ದ. ಹೆಸರು ಅಡಾಲ್ಫ್ ಮೈಯರ್ಸ್. ಮಕ್ಕಳ ಭುಜದ ಮೇಲೆ ಕೈಯಿಟ್ಟು, ತಲೆ ನೇವರಿಸಿ ಪಾಠ ಹೇಳುವುದು ಆತನ ರೂಢಿ. ಬುದ್ಧಿಮಾಂದ್ಯನಾದ ಒಬ್ಬ ಹುಡುಗ ತಾನು ಕಂಡ ಕನಸನ್ನು ನಡೆದ ಸಂಗತಿಯೆಂದು ಹೇಳಿಬಿಟ್ಟ. ಊರಿನವರು ಅದನ್ನು ನಂಬಿಬಿಟ್ಟರು. ರಾತ್ರಿ ಲಾಟೀನು, ಹಗ್ಗ ಹಿಡಿದು ನೇಣು ಹಾಕಲು ಬಂದರು. ಆತನ ದೈನ್ಯವನ್ನು ಕಂಡು ಬಿಟ್ಟರು. ಓಡುವಾಗ ಮತ್ತೆ ಕೋಲು, ಕೆಸರು ಎಸೆದರು. ದಾರಿಯ ರೈಲ್ವೆ ನಿಲ್ದಾಣದಲ್ಲಿ ಸರಕಿನ ಪೆಟ್ಟಿಗೆಯೊಂದರ ಮೇಲೆ ಕಂಡ ಹೆಸರೇ ಆತನ ಹೊಸ ಹೆಸರಾಯಿತು. ಏನು ನಡೆಯಿತೆಂಬುದು ಆತನಿಗೆ ಇಂದಿಗೂ ತಿಳಿಯದು. ತಪ್ಪು ಕೈಗಳದೇ ಇರಬೇಕೆಂದು ನಂಬಿದ್ದಾನೆ.

ಭರತಮುನಿಯು ಅಂತರಂಗದ ಭಾವವನ್ನು ಹೊರಗೆ ತೋರುವ ಚಿಹ್ನೆಗಳಿಗೆ ಅನುಭಾವವೆಂದು ಹೆಸರಿಟ್ಟನು. ಆಂಡರ್ಸನ್ನರ ಕತೆಯಲ್ಲಿ ಕೈಗಳೇ ಅನುಭಾವ. ಕೊನೆಯಲ್ಲಿ ಆತ ದೀಪದ ಬೆಳಕಿನಲ್ಲಿ ಮೊಣಕಾಲೂರಿ, ನೆಲಕ್ಕೆ ಬಿದ್ದ ರೊಟ್ಟಿಯ ಚೂರುಗಳನ್ನು ಒಂದೊಂದಾಗಿ ಆಯ್ದು ಬಾಯಿಗೆ ಹಾಕಿಕೊಳ್ಳುತ್ತಾನೆ. ಆ ಬೆರಳುಗಳು ಜಪಮಣಿ ಎಣಿಸುವ ಭಕ್ತನ ಬೆರಳುಗಳಂತೆ ಕಾಣುತ್ತವೆ. ಪಾತ್ರದ ಸ್ವಭಾವವನ್ನು ಕತೆಗಾರರು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಪ್ಯಾರಿಸಿಗೆ ಹೊರಟಿದ್ದ ಒಬ್ಬ ತರುಣನಿಗೆ ಆಂಡರ್ಸನ್ನರು ೧೯೨೧ರಲ್ಲಿ ಪರಿಚಯಪತ್ರಗಳನ್ನು ಬರೆದುಕೊಟ್ಟರು. ಆ ತರುಣನೇ ಅರ್ನೆಸ್ಟ್ ಹೆಮಿಂಗ್‌ವೇ. ಮುಂದೆ ೧೯೨೬ರಲ್ಲಿ ಇವರು ಒಂದು ಅಣಕು ಬರೆದು ಆ ಹಿರಿಯರನ್ನೇ ಗೇಲಿ ಮಾಡಿದರೂ, ಹೇಳದೆ ಕಾಣಿಸುವ ವಿದ್ಯೆಯನ್ನು ಇನ್ನೂ ಬಿಗಿಮಾಡಿದರು. ೧೯೨೭ರ ಅವರ ಕತೆಯೊಂದರಲ್ಲಿ ಸ್ಪೇನಿನ ಎಬ್ರೋ ನದಿಯ ಕಣಿವೆಯ ರೈಲು ನಿಲ್ದಾಣ. ಒಬ್ಬ ಅಮೆರಿಕನ್ ಪುರುಷ, ಜೊತೆಗೊಬ್ಬ ಹುಡುಗಿ. ರೈಲು ಬರಲು ನಲವತ್ತು ನಿಮಿಷ. ಒಂದು ಶಸ್ತ್ರಕ್ರಿಯೆ ಬಹಳ ಸುಲಭವೆಂದು ಆತ ಮತ್ತೆ ಮತ್ತೆ ಹೇಳುತ್ತಾನೆ. ಅದು ಗರ್ಭವನ್ನು ಕಳೆಯುವ ಮಾತೆಂದು ಕತೆ ಎಲ್ಲಿಯೂ ಹೇಳುವುದಿಲ್ಲ. ನಿನಗೆ ಇಷ್ಟವಿಲ್ಲದಿದ್ದರೆ ಬೇಡ ಎನ್ನುತ್ತಲೇ ಆತ ಒತ್ತಾಯಿಸುತ್ತಾನೆ. ಕಡೆಗೆ ಆಕೆ 'ದಯವಿಟ್ಟು' ಎಂಬ ಮಾತನ್ನು ಒಂದೇ ಉಸಿರಿನಲ್ಲಿ ಏಳು ಸಲ ಹೇಳಿ, ಸುಮ್ಮನಿರು ಎಂದು ಬೇಡುತ್ತಾಳೆ. ಆನಂದವರ್ಧನನು ಧ್ವನಿಯೆಂದದ್ದು ಇಂಥದನ್ನೇ: ವಾಚ್ಯಾರ್ಥ ಉಪಚಾರದ ಮಾತು, ವ್ಯಂಗ್ಯಾರ್ಥ ಬಲಾತ್ಕಾರ. ಮಂಜುಗುಡ್ಡದ ಎಂಟರಲ್ಲಿ ಒಂದು ಪಾಲು ಮಾತ್ರ ನೀರಿನ ಮೇಲಿರುತ್ತದೆಂದು ಹೆಮಿಂಗ್‌ವೇ ೧೯೩೨ರಲ್ಲಿ ಬರೆದದ್ದೂ ಇದೇ ಮರ್ಮವನ್ನು.

ಇನ್ನೊಂದು ಹೆಜ್ಜೆ ಮುಂದೆ ಹೋದವರು ಜೇಮ್ಸ್ ಬಾಲ್ಡ್ವಿನ್ನರು. ೧೯೫೭ರ 'ಸನ್ನೀಸ್ ಬ್ಲೂಸ್' ಕತೆಯನ್ನು ಹೇಳುವಾತ ನ್ಯೂಯಾರ್ಕಿನ ಹಾರ್ಲೆಮ್ಮಿನ ನೀಗ್ರೋ ಸಮಾಜದವನು, ಬೀಜಗಣಿತದ ಉಪಾಧ್ಯಾಯ. ತಮ್ಮ ಸನ್ನಿ ಮಾದಕದ್ರವ್ಯದ ಅಪರಾಧಕ್ಕೆ ಸೆರೆಯಾದ ಸುದ್ದಿಯನ್ನು ನೆಲದಡಿಯ ರೈಲಿನಲ್ಲಿ ಪತ್ರಿಕೆಯಲ್ಲಿ ಓದುತ್ತಾನೆ. ಬಹುಕಾಲ ತಮ್ಮನಿಗೆ ಕಾಗದ ಬರೆಯುವುದಿಲ್ಲ. ತನ್ನ ಪುಟ್ಟ ಮಗಳು ತೀರಿಕೊಂಡಾಗಲೇ ಬರೆಯುವುದು. ಇಲ್ಲಿ ನಾವು ತೂಗಬೇಕಾದದ್ದು ಸನ್ನಿಯನ್ನಷ್ಟೇ ಅಲ್ಲ, ಅವನ ಕತೆ ಹೇಳುವ ಮರ್ಯಾದಸ್ಥ ಅಣ್ಣನನ್ನೂ. ಕೊನೆಗೆ ಆತ ತಮ್ಮನು ಪಿಯಾನೋ ನುಡಿಸುವುದನ್ನು ಕೇಳಲು ಹೋಗಿ ಕೂತಾಗ, ಅವನ ಮಾತನ್ನು ಕೇಳುವುದು ಇದೇ ಮೊದಲೆಂದು ನಮಗೆ ಹೊಳೆಯುತ್ತದೆ.

ಆದುದರಿಂದ ಇಂಥ ಕತೆಗಳನ್ನು ಓದುವಾಗ ಮೂರು ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದಿರಿ: ಈ ಮನುಷ್ಯ ಏನು ಮಾಡುತ್ತಾನೆ? ಏನನ್ನು ಹೇಳದೆ ಉಳಿಸುತ್ತಾನೆ? ಇವನನ್ನು ನಮಗೆ ತೋರಿಸುತ್ತಿರುವವನು ಯಾರು, ಆತನನ್ನು ಎಷ್ಟು ನಂಬಬಹುದು? ಇವು ಪರೀಕ್ಷೆಯ ಅಂಕಗಳಿಗಾಗಿ ಮಾತ್ರ ಕೇಳುವ ಪ್ರಶ್ನೆಗಳಲ್ಲ. ಪೆನ್ಸಿಲ್ವೇನಿಯಾದ ಆ ಊರಿನವರು ಇವುಗಳಲ್ಲಿ ಕೊನೆಯದೊಂದನ್ನು ಕೇಳಿದ್ದರೂ ಸಾಕಾಗಿತ್ತು. ಒಬ್ಬ ಒಳ್ಳೆಯ ಉಪಾಧ್ಯಾಯ ಉಳಿಯುತ್ತಿದ್ದ. ನೆರೆಯವನ ವಿಷಯದಲ್ಲಿ ಗಾಳಿಮಾತು ನಮ್ಮ ಜಗಲಿಗೂ ಬರುತ್ತದೆ. ಅದನ್ನು ನಂಬುವ ಮುನ್ನ ಒಂದು ಗಳಿಗೆ ತಡೆದು ನೋಡುವ ಅಭ್ಯಾಸವನ್ನು ಈ ಕತೆಗಳು ನಮಗೆ ಕಲಿಸಬಲ್ಲವು.