ಹಳೆಯ ವ್ಯಾನಿನ ತಂಪು: ಒಂದು ಅನಿಲದ ಕಥೆ

ಏಪ್ರಿಲ್ ಬಂತೆಂದರೆ ಮುಂಬಯಿಯ ಗ್ಯಾರೇಜುಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ‘ಗ್ಯಾಸ್ ಖತಮ್ ಹೋ ಗಯಾ ಸಾಬ್, ಭರ್ ದೇತೇ ಹೈ.’ ರಜೆಯಲ್ಲಿ ಮಕ್ಕಳುಮರಿಗಳೊಂದಿಗೆ ಊರಿಗೆ ಹೊರಡುವ ಆತುರದಲ್ಲಿರುವ ಗೃಹಸ್ಥರು ಹಣ ತೆತ್ತು ಗ್ಯಾಸು ತುಂಬಿಸಿಕೊಳ್ಳುತ್ತಾರೆ. ಬೆಳಗಾವಿ ದಾಟುವವರೆಗೆ ತಂಪು. ಮಳೆಗಾಲ ಕಳೆಯುವಷ್ಟರಲ್ಲಿ ಮತ್ತೆ ಬಿಸಿಗಾಳಿ. ಹೀಗೆ ವರ್ಷಕ್ಕೊಮ್ಮೆ ತುಂಬಿಸುವುದು ಸಹಜವೆಂದೇ ನಾವು ತಿಳಿದುಬಿಟ್ಟಿದ್ದೇವೆ. ಅದು ಸಹಜವಲ್ಲ. ಪೆಟ್ರೋಲಿನಂತೆ ಈ ಅನಿಲ ಉರಿದು ಮುಗಿಯುವುದಿಲ್ಲ. ಮುಚ್ಚಿದ ಕೊಳವೆಗಳೊಳಗೆ ಅದೇ ಅನಿಲ ಸುತ್ತುತ್ತಿರುತ್ತದೆ. ಒಂದೇ ವರ್ಷದಲ್ಲಿ ಖಾಲಿಯಾಯಿತೆಂದರೆ ಎಲ್ಲೋ ಸೋರುತ್ತಿದೆಯೆಂದೇ ಅರ್ಥ. ಸೋರಿಕೆಯನ್ನು ಹುಡುಕದೆ ತುಂಬುತ್ತಾ ಹೋಗುವ ಈ ಅಭ್ಯಾಸಕ್ಕೆ ಒಂದು ಇತಿಹಾಸವಿದೆ.

1920ರ ದಶಕದ ತಂಪುಪೆಟ್ಟಿಗೆಗಳಲ್ಲಿ ಅಮೋನಿಯಾ, ಗಂಧಕದ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್‌ಗಳನ್ನು ಬಳಸುತ್ತಿದ್ದರು. ಇವು ಸೋರಿ ಮನೆಮಂದಿ ಸತ್ತ ಪ್ರಸಂಗಗಳೂ ಅಮೆರಿಕದಲ್ಲಿ ನಡೆದವು. ವಿಷವಲ್ಲದ, ಬೆಂಕಿ ಹಿಡಿಯದ ಅನಿಲವೊಂದು ಬೇಕಾಗಿತ್ತು. 1928ರಲ್ಲಿ ಜನರಲ್ ಮೋಟರ್ಸ್‌ನ ಥಾಮಸ್ ಮಿಜ್ಲಿ ಮತ್ತು ಸಂಗಡಿಗರು ಅದನ್ನು ಕಂಡುಹಿಡಿದರು. 1930ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿಗಳ ಸಭೆಯಲ್ಲಿ ಮಿಜ್ಲಿ ಆ ಅನಿಲವನ್ನು ಸ್ವತಃ ಉಸಿರೆಳೆದುಕೊಂಡು, ಉರಿಯುತ್ತಿದ್ದ ಮೋಂಬತ್ತಿಯ ಮೇಲೆ ಊದಿ ಆರಿಸಿ ತೋರಿಸಿದರು. ಪೆಟ್ರೋಲಿಗೆ ಸೀಸ ಬೆರೆಸುವ ಉಪಾಯವನ್ನು ಅದಕ್ಕೂ ಮೊದಲು ಲೋಕಕ್ಕೆ ಕೊಟ್ಟವರೂ ಇವರೇ. ಒಬ್ಬನೇ ಮನುಷ್ಯನ ಬುದ್ಧಿವಂತಿಕೆಯಿಂದ ಗಾಳಿಗೆ ಎರಡು ಬಗೆಯ ಕೇಡಾದದ್ದು ವಿಚಿತ್ರವಾದರೂ ನಿಜ.

ಆ ಅನಿಲವೇ ಫ್ರಿಯಾನ್. ಮೆಕ್ಯಾನಿಕ್ಕುಗಳ ಬಾಯಲ್ಲಿ ಆರ್-12. ಪ್ಯಾಕಾರ್ಡ್ ಕಂಪನಿ 1940ರ ಮಾದರಿಯ ಕಾರುಗಳಲ್ಲಿ ಮೊದಲ ಬಾರಿಗೆ ಹವಾನಿಯಂತ್ರಣವನ್ನು ಮಾರಾಟಕ್ಕಿಟ್ಟಿತು. ಯಂತ್ರ ಡಿಕ್ಕಿಯ ಅರ್ಧ ಜಾಗ ನುಂಗುತ್ತಿತ್ತು. ತಂಪು ಸಾಕೆನಿಸಿದರೆ ಎಂಜಿನ್ ನಿಲ್ಲಿಸಿ, ಬಾನೆಟ್ ತೆರೆದು, ಕಂಪ್ರೆಸರಿನ ಬೆಲ್ಟನ್ನೇ ಬಿಚ್ಚಬೇಕಿತ್ತು! ಮುಂದೆ ಯಂತ್ರ ಚಿಕ್ಕದಾಯಿತು, ಅಗ್ಗವಾಯಿತು. ಅನಿಲವೂ ಅಗ್ಗ, ನಿರುಪದ್ರವಿ ಎಂಬ ನಂಬಿಕೆ ಬೇರೆ. ರಿಪೇರಿಗೆ ಮುನ್ನ ಇದ್ದದ್ದನ್ನು ಗಾಳಿಗೆ ಬಿಟ್ಟು ಹೊಸದಾಗಿ ತುಂಬಿಸುವುದೇ ಪದ್ಧತಿಯಾಯಿತು. ನಮ್ಮ ಗ್ಯಾರೇಜುಗಳು ಕಲಿತದ್ದೂ ಇದನ್ನೇ.

1974ರಲ್ಲಿ ಮಾರಿಯೋ ಮೊಲಿನಾ ಮತ್ತು ಶೆರ್ವುಡ್ ರೋಲಂಡ್ ಈ ನಂಬಿಕೆಯ ಬುಡಕ್ಕೇ ಕೊಡಲಿ ಹಾಕಿದರು. ಕೆಳಗೆ ಯಾವುದರೊಂದಿಗೂ ಕೂಡದ ಈ ಅನಿಲ ಮೇಲಿನ ವಾಯುಮಂಡಲಕ್ಕೆ ಏರಿ, ಬಿಸಿಲಿಗೆ ಒಡೆದು, ಅದರ ಕ್ಲೋರೀನು ಓಜೋನ್ ಪದರವನ್ನು ತಿನ್ನುತ್ತದೆಂದು ಅವರು ಹೇಳಿದರು. ಕಾರ್ಖಾನೆಗಳವರು ನಕ್ಕರು. 1985ರಲ್ಲಿ ಅಂಟಾರ್ಕ್ಟಿಕಾದ ಮೇಲಿನ ಓಜೋನ್ ರಂಧ್ರದ ಸುದ್ದಿ ಪ್ರಕಟವಾದಾಗ ನಗು ನಿಂತಿತು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದವಾಯಿತು. ಭಾರತ 1992ರಲ್ಲಿ ಸೇರಿತು.

ಇದೇ ಹೊತ್ತಿನಲ್ಲಿ ಅಮೆರಿಕದಲ್ಲಿ ಮಿನಿವ್ಯಾನ್ ಜನಪ್ರಿಯವಾಗುತ್ತಿತ್ತು. ಕ್ರೈಸ್ಲರ್ ಕಂಪನಿಯ ಡಾಜ್ ಕ್ಯಾರವಾನ್ 1983ರ ಕೊನೆಯಲ್ಲಿ ತಯಾರಾಗತೊಡಗಿತು. ಇಡೀ ಸಂಸಾರ ಹಿಡಿಸುವ ವಾಹನ. ಗಾಜು ಹೆಚ್ಚು, ಒಳಗಿನ ಗಾಳಿಯೂ ಹೆಚ್ಚು. ಮುಂದಿನ ತಂಪು ಹಿಂದಿನ ಸೀಟಿಗೆ ಸಾಲದೆಂದು ಇಂಥ ವ್ಯಾನುಗಳಲ್ಲಿ ಹಿಂಬದಿಗೆ ಇನ್ನೊಂದು ಕೂಲಿಂಗ್ ಕಾಯಿಲ್ ಜೋಡಿಸಿದರು. ಅದಕ್ಕಾಗಿ ಅಲ್ಯುಮಿನಿಯಂ ಕೊಳವೆಗಳು ವ್ಯಾನಿನ ಹೊಟ್ಟೆಯ ಕೆಳಗೆ ಹಾದುಹೋಗಬೇಕಾಯಿತು. ಕೆಸರು, ಕಲ್ಲು, ಉಪ್ಪು ತಗಲಿ ಅವು ತೂತಾಗುವುದು ಹಳೆಯ ವ್ಯಾನುಗಳ ಪ್ರಸಿದ್ಧ ರೋಗ. 2000ದಲ್ಲಿ ನಮ್ಮ ಬಿಡದಿಯಿಂದ ಹೊರಬಂದ ಕ್ವಾಲಿಸ್, 2005ರಲ್ಲಿ ಬಂದ ಇನ್ನೋವಾಗಳ ಮೇಲೂ ಊರಿಗೆ ಹೋಗಿಬಂದು ವರ್ಷಗಳು ಉರುಳಿವೆ; ಕಡಲ ಗಾಳಿ ಅವನ್ನೂ ಬಿಟ್ಟಿಲ್ಲ.

ಅಮೆರಿಕದಲ್ಲಿ 1994ರ ಮಾದರಿಯ ಹೊತ್ತಿಗೆ ಹೊಸ ಕಾರುಗಳೆಲ್ಲ ಕ್ಲೋರೀನಿಲ್ಲದ ಆರ್-134ಎ ಅನಿಲಕ್ಕೆ ಬದಲಾದವು. 1995ರ ಕೊನೆಗೆ ಆರ್-12ರ ತಯಾರಿಕೆ ಅಲ್ಲಿ ನಿಂತಿತು. ಭಾರತಕ್ಕೆ 2010ರ ಜನವರಿ 1 ಗಡುವಾಗಿತ್ತು. ಹಳೆಯ ವ್ಯಾನುಗಳ ಮಾಲೀಕರಿಗೆ ಆಗ ಫಜೀತಿಗಿಟ್ಟಿತು. ಹೊಸ ಅನಿಲವನ್ನು ಸುಮ್ಮನೆ ತುಂಬುವಂತಿಲ್ಲ: ಕಂಪ್ರೆಸರಿನ ಹಳೆಯ ಖನಿಜ ಎಣ್ಣೆ ಅದರಲ್ಲಿ ಕರಗುವುದಿಲ್ಲ, ಕರಗದ ಎಣ್ಣೆ ಕಂಪ್ರೆಸರಿಗೆ ಹಿಂತಿರುಗುವುದಿಲ್ಲ, ಕಂಪ್ರೆಸರ್ ಒಣಗಿ ಕಚ್ಚಿಕೊಳ್ಳುತ್ತದೆ. ಎಣ್ಣೆ, ಓ-ರಿಂಗು, ಡ್ರೈಯರ್ ಎಲ್ಲ ಬದಲಿಸಬೇಕು. ಎರಡು ಅನಿಲಗಳು ಬೆರೆಯದಿರಲೆಂದು ತುಂಬುವ ಮೂತಿಗಳನ್ನೇ ಬೇರೆ ಬೇರೆ ಅಳತೆಗೆ ಮಾಡಿದ್ದಾರೆ. ಹಿಂದೆ ದೀಪದ ಜ್ವಾಲೆ ಹಸಿರಾದರೆ ಸೋರಿಕೆ ಇದೆಯೆಂದು ತಿಳಿಯುತ್ತಿದ್ದರು; ಕ್ಲೋರೀನಿಲ್ಲದ ಮೇಲೆ ಆ ಉಪಾಯವೂ ಕೈಬಿಟ್ಟಿತು.

ಹೊಸ ಅನಿಲವೂ ಪೂರ್ತಿ ಸಾಧುವಲ್ಲ. ನೂರು ವರ್ಷಗಳ ಲೆಕ್ಕದಲ್ಲಿ ಭೂಮಿಯನ್ನು ಬಿಸಿಮಾಡುವ ಅದರ ಶಕ್ತಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,430 ಪಟ್ಟು. ಆರ್-12ರದು ಹತ್ತು ಸಾವಿರ ಪಟ್ಟಿಗೂ ಮೇಲೆ. 2016ರ ಕಿಗಾಲಿ ತಿದ್ದುಪಡಿ ಇದನ್ನೂ ಇಳಿಸಲು ಹೊರಟಿದೆ. ಭಾರತ 2021ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು.

ಹಾಗಾದರೆ ಗ್ಯಾರೇಜಿನಲ್ಲಿ ಕೇಳಬೇಕಾದದ್ದೇನು? ಮೊದಲು ಲಕ್ಷಣ ನೋಡಿ. ಓಡುವಾಗ ತಂಪಾಗಿ ಸಿಗ್ನಲಿನಲ್ಲಿ ಬಿಸಿಯಾದರೆ ದೋಷ ಕಂಡೆನ್ಸರಿನ ಫ್ಯಾನಿನದಿರಬಹುದು. ಗ್ಯಾಸಿನ ಮಾತೇ ಬೇಡ. ಮುಂದೆ ತಂಪಿದ್ದು ಹಿಂದೆ ಮಾತ್ರ ಇಲ್ಲದಿದ್ದರೆ ಹಿಂದಿನ ಬ್ಲೋವರನ್ನು ಪರೀಕ್ಷಿಸಲಿ. ಕಂಪ್ರೆಸರಿನ ಕ್ಲಚ್ ಗಳಿಗೆಗೊಮ್ಮೆ ಕಚ್ಚಿ ಬಿಡುತ್ತಿದ್ದರೆ ಗ್ಯಾಸು ಕಡಿಮೆಯಾಗಿರುವುದು ಸಂಭವ. ಆಗ ಕೊಳವೆಗಳ ಸಂದುಗಳಲ್ಲಿ ಎಣ್ಣೆಯ ಜಿಡ್ಡು ಹುಡುಕಬೇಕು: ಅನಿಲ ಸೋರಿದಲ್ಲಿ ಎಣ್ಣೆಯೂ ಜಿನುಗುತ್ತದೆ. ಇದ್ದ ಗ್ಯಾಸನ್ನು ಗಾಳಿಗೆ ಬಿಡದೆ ಯಂತ್ರದಿಂದ ಹಿಂದಕ್ಕೆಳೆದು, ನೈಟ್ರೋಜನ್ ಒತ್ತಡ ಕೊಟ್ಟು, ಸಾಬೂನಿನ ನೊರೆ ಹಚ್ಚಿದರೆ ತೂತು ಗುಳ್ಳೆಯೆಬ್ಬಿಸಿ ತಾನೇ ಸಿಕ್ಕಿಬೀಳುತ್ತದೆ. ಅಗ್ಗವೆಂದು ಅಡುಗೆ ಅನಿಲದ ಜಾತಿಯ ಮಿಶ್ರಣ ತುಂಬುವವರೂ ಇದ್ದಾರೆ. ಡ್ಯಾಶ್‌ಬೋರ್ಡಿನೊಳಗಿನ ಕಾಯಿಲ್ ಸೋರಿದರೆ ಅದು ಮಕ್ಕಳು ಕುಳಿತಲ್ಲಿಗೇ ಬರುತ್ತದೆ. ತೂತು ಮುಚ್ಚಿದ ಮೇಲೆ ಪಂಪಿನಿಂದ ಗಾಳಿ, ತೇವ ಎರಡನ್ನೂ ಎಳೆದು, ಬಾನೆಟ್ಟಿನ ಕೆಳಗಿನ ಚೀಟಿಯಲ್ಲಿ ಬರೆದಿರುವಷ್ಟೇ ಗ್ಯಾಸನ್ನು ತೂಗಿ ತುಂಬಿಸಬೇಕು.