ದಫ್ತರಕ್ಕೆ ಬರುವ ಮುಂಚಿನ ಆಟ: ಮಹಿಳಾ ಕಾಲೇಜು ಐಸ್ ಹಾಕಿ ಟೂರ್ನಿಯ ಚರಿತ್ರೆ

ಕಲಬುರಗಿಯ ಕುಸನೂರಿನ ಮೇ ತಿಂಗಳ ಬಿಸಿಲಲ್ಲಿ ಕೂತು ಐಸ್ ಹಾಕಿಯ ಚರಿತ್ರೆ ಬರೆಯುವುದು ನಗೆಪಾಟಲಿನ ಕೆಲಸ ಅನಿಸಬಹುದು. ಇಲ್ಲಿ ಐಸ್ ಎಂದರೆ ಗೋಲಾ ಗಾಡಿಯದು. ಆದರೆ ಅಮೆರಿಕದ ಮಹಿಳಾ ಕಾಲೇಜು ಟೂರ್ನಿ ಹುಟ್ಟಿದ ಬಗೆಯನ್ನು ಬಿಡಿಸಿ ನೋಡಿದರೆ ಅಲ್ಲಿ ಹಿಮಕ್ಕಿಂತ ದಫ್ತರದ್ದೇ ದೊಡ್ಡ ಪಾತ್ರ. ದಫ್ತರದ ಮಹಿಮೆ ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹುಡುಗಿಯರು ಆಡತೊಡಗಿದ ದಿನಕ್ಕೂ ಆ ಆಟವನ್ನು ಒಂದು ಸಂಸ್ಥೆ ತನ್ನ ಪುಸ್ತಕದಲ್ಲಿ ಬರೆದುಕೊಂಡ ದಿನಕ್ಕೂ ನಡುವೆ ಎಷ್ಟು ವರ್ಷ ಹೋದವು ಎಂಬುದೇ ಈ ಲೇಖನದ ಪ್ರಶ್ನೆ.

ಉತ್ತರ: ಮೂವತ್ತೇಳು. ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ನಗರದಲ್ಲಿ ಬ್ರೌನ್ ವಿಶ್ವವಿದ್ಯಾಲಯಕ್ಕೆ ಹೊಂದಿಕೊಂಡಿದ್ದ ಪೆಂಬ್ರೋಕ್ ಮಹಿಳಾ ಕಾಲೇಜಿನಲ್ಲಿ 1964ರಲ್ಲಿ ‘ಪ್ಯಾಂಡಾಸ್’ ತಂಡ ಕಟ್ಟಿದರು. ಅಮೆರಿಕದ ಮಹಿಳಾ ಕಾಲೇಜು ತಂಡಗಳಲ್ಲಿ ಅದೇ ಮೊದಲನೆಯದೆಂಬ ಮನ್ನಣೆ ಅದಕ್ಕಿದೆ. ಸರ್ಕಾರದ ಹಣ ಪಡೆಯುವ ವಿದ್ಯಾಸಂಸ್ಥೆ ಹೆಣ್ಣು-ಗಂಡೆಂದು ಭೇದ ಮಾಡಕೂಡದೆಂಬ ‘ಟೈಟಲ್ ನೈನ್’ ಕಾಯ್ದೆ 1972ರಲ್ಲಿ ಬಂತು. 1976ರಲ್ಲಿ ವಿಶ್ವವಿದ್ಯಾಲಯಗಳ ಕೂಟವಾದ ಐವಿ ಲೀಗ್‌ನ ಮಹಿಳಾ ಟೂರ್ನಿಯನ್ನು ಕಾರ್ನೆಲ್ ಗೆದ್ದಿತು. ಆದರೂ ರಾಷ್ಟ್ರಮಟ್ಟದ ಕಾಲೇಜು ಪ್ರಶಸ್ತಿ ಎಂಬುದು ಇರಲಿಲ್ಲ.

ಬಾಗಿಲು ತೆರೆದದ್ದು 1998ರಲ್ಲಿ. ಆ ಫೆಬ್ರವರಿಯಲ್ಲಿ ನಾಗಾನೊ ಒಲಿಂಪಿಕ್ಸ್ ಮೊದಲ ಸಲ ಮಹಿಳಾ ಐಸ್ ಹಾಕಿಗೆ ಜಾಗ ಕೊಟ್ಟಿತು. ಫೈನಲ್‌ನಲ್ಲಿ ಅಮೆರಿಕ ಕೆನಡಾವನ್ನು 3-1ರಿಂದ ಸೋಲಿಸಿತು. ಮರುತಿಂಗಳೇ ಕಾಲೇಜುಗಳ ಒಕ್ಕೂಟವೊಂದು ತನ್ನದೇ ರಾಷ್ಟ್ರೀಯ ಟೂರ್ನಿ ನಡೆಸಿತು. ನ್ಯೂ ಹ್ಯಾಂಪ್‌ಷೈರ್ ಗೆದ್ದಿತು. 1999ರಲ್ಲಿ ಹಾರ್ವರ್ಡ್, 2000ದಲ್ಲಿ ಮಿನೆಸೋಟ. ಕಾಲೇಜು ಕ್ರೀಡೆಗಳ ದೊಡ್ಡ ಮಂಡಳಿಯಾದ ಎನ್‌ಸಿಎಎ ಕೈಹಾಕಿದ್ದು ಆಮೇಲೆ, 2001ರಲ್ಲಿ. ನಾಲ್ಕೇ ತಂಡಗಳು. ಮಿನೆಸೋಟ ಡುಲೂತ್ ತಂಡ ಸೇಂಟ್ ಲಾರೆನ್ಸ್ ತಂಡವನ್ನು 4-2ರಿಂದ ಸೋಲಿಸಿತು. ಮಂಡಳಿಯ ವಿಜೇತರ ಪಟ್ಟಿ ಶುರುವಾಗುವುದು ಇಲ್ಲಿಂದಲೇ. ಹಿಂದಿನ ಮೂರು ವರ್ಷ ಗೆದ್ದವರು ಆ ಪಟ್ಟಿಯ ಹೊರಗೆ ನಿಂತರು. ಶಾಸನ ಕೆತ್ತಿಸಿದವನೇ ಅರಸನೆನಿಸಿಕೊಳ್ಳುವ ರೂಢಿ ಹಳೆಯ ರಾಜಧಾನಿ ಮಳಖೇಡದ ನೆಲದವರಾದ ನಮಗೆ ಹೊಸದಲ್ಲ. ಅದು ನ್ಯಾಯವೆಂದು ಮಾತ್ರ ನಾನು ಒಪ್ಪಲಾರೆ.

ಟೂರ್ನಿ 2005ರಲ್ಲಿ ಎಂಟು ತಂಡಕ್ಕೆ, 2022ರಲ್ಲಿ ಹನ್ನೊಂದಕ್ಕೆ ಬೆಳೆಯಿತು. 2025ರ ಫೈನಲ್ ಒಂದನ್ನೇ ನೋಡಿದರೂ ಈ ಆಟದ ಮಟ್ಟ ತಿಳಿಯುತ್ತದೆ: ಓಹಿಯೊ ಸ್ಟೇಟ್ ಎದುರು ಒಂದು ಗೋಲು ಹಿಂದಿದ್ದ ವಿಸ್ಕಾನ್ಸಿನ್‌ಗೆ ಕೊನೆಯ ಅರೆನಿಮಿಷದಲ್ಲಿ ಪೆನಾಲ್ಟಿ ಸಿಕ್ಕಿತು. ಕರ್ಸ್ಟನ್ ಸಿಮ್ಸ್ ಅದನ್ನು ಗೋಲಾಗಿಸಿ, ಹೆಚ್ಚುವರಿ ಅವಧಿಯಲ್ಲಿ ಗೆಲುವಿನ ಗೋಲನ್ನೂ ಹೊಡೆದಳು. 4-3. ಅದು ವಿಸ್ಕಾನ್ಸಿನ್‌ನ ಎಂಟನೆಯ ಪ್ರಶಸ್ತಿ.

ಭಾರತದಲ್ಲಿ ಈ ಆಟದ ಹೆಣ್ಣುಮಕ್ಕಳು ಬಹುಪಾಲು ಲಡಾಖಿನವರು. 2016ರಲ್ಲಿ ರಾಷ್ಟ್ರೀಯ ತಂಡ ಅಂತರರಾಷ್ಟ್ರೀಯ ಕಣಕ್ಕಿಳಿಯಿತು, 2025ರ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದಿತು.

ನಮ್ಮ ಕಡೆಯದು ಮಾತ್ರ ನೆಲದ ಹಾಕಿ. ಐಸ್ ಹಾಕಿಯಲ್ಲಿ ಚೆಂಡಿನ ಬದಲು ಬಳಸುವ ರಬ್ಬರಿನ ಪಕ್ ಪುಟಿಯಬಾರದೆಂದು ಆಟಕ್ಕೆ ಮೊದಲು ಅದನ್ನು ಹೆಪ್ಪುಗಟ್ಟಿಸಿ ಇಡುತ್ತಾರೆ. ಇಲ್ಲಿಯ ಎರೆಭೂಮಿ ಬೇಸಿಗೆಯಲ್ಲಿ ಬಾಯಿಬಿಟ್ಟು, ನೆಟ್ಟಗೆ ಹೋಗುವ ಚೆಂಡನ್ನು ಎತ್ತಲೋ ತಿರುಗಿಸುತ್ತದೆ. ಮೊರಂ ಹಾಕಿ ರೋಲರ್ ಓಡಿಸಿದರಷ್ಟೇ ಅದು ಮೈದಾನ. 1956ರಲ್ಲಿ ಹೈದರಾಬಾದ್ ರಾಜ್ಯ ಬಿಟ್ಟು ನಮ್ಮ ಜಿಲ್ಲೆ ಸೇರಿದ ಮೈಸೂರು ರಾಜ್ಯ, ಮಹಿಳಾ ಹಾಕಿಯಲ್ಲಿ ದೇಶವನ್ನೇ ಆಳಿತ್ತು. ಬೆಂಗಳೂರಿನ ಎಲ್ವೆರಾ ಬ್ರಿಟ್ಟೊ ನಾಯಕಿಯಾಗಿ 1960ರಿಂದ 1967ರೊಳಗೆ ಏಳು ರಾಷ್ಟ್ರೀಯ ಪ್ರಶಸ್ತಿ ತಂದರು. ತಂಗಿಯರಾದ ರೀಟಾ, ಮೇ ಕೂಡ ಆಟಗಾರ್ತಿಯರೇ. 1965ರಲ್ಲಿ ಎಲ್ವೆರಾಗೆ ಅರ್ಜುನ ಪ್ರಶಸ್ತಿ ಬಂತು. ಈ ವೈಭವ ರಾಜ್ಯ ತಂಡದ್ದು, ಕಾಲೇಜಿನದಲ್ಲ. ಅಮೆರಿಕದಲ್ಲಿ ಕಾಲೇಜಿನ ಅಂಗಳದಲ್ಲಿ ಬೆಳೆದ ಆಟ ಇಲ್ಲಿ ಮನೆ-ಮೊಹಲ್ಲಾಗಳ ಆಸರೆಯಲ್ಲಿ ಬೆಳೆಯಿತು.

ಕಾಲೇಜಿನ ದಾರಿ ಬೇರೆಯೇ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಗುಲಬರ್ಗಾ 1980ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಅಂತರ ಕಾಲೇಜು ಪಂದ್ಯ, ಅಲ್ಲಿಂದ ಆಯ್ಕೆ, ‘ಯೂನಿವರ್ಸಿಟಿ ಬ್ಲೂ’ ಎಂಬ ಬಿರುದು, ಆಮೇಲೆ ಅಂತರ ವಿಶ್ವವಿದ್ಯಾಲಯ ಟೂರ್ನಿಯ ರೈಲು: ಇದೇ ಮೆಟ್ಟಿಲು. ಆ ಬಿರುದಿನ ಜೊತೆ ಸಿಕ್ಕ ಬ್ಲೇಜರ್ ಇಂದಿಗೂ ಎಷ್ಟೋ ಮನೆಗಳ ಟ್ರಂಕಿನಲ್ಲಿದೆ.

ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ಬೆಂಗಳೂರಿಗೆ ಬಂದದ್ದು 2022ರ ಏಪ್ರಿಲ್ 24ಕ್ಕೆ. ಮಹಿಳಾ ಹಾಕಿಯೂ ಅದರಲ್ಲಿತ್ತು. ಕೂಟ ನಡೆಯುತ್ತಿದ್ದಾಗಲೇ, ಏಪ್ರಿಲ್ 26ರಂದು, ಅದೇ ಊರಿನಲ್ಲಿ ಎಲ್ವೆರಾ ಬ್ರಿಟ್ಟೊ ತೀರಿಕೊಂಡರು.

ದಫ್ತರದಲ್ಲಿ ಇಲ್ಲದ ಆಟ ಪಟ್ಟಿಯ ಹೊರಗೇ ಉಳಿಯುತ್ತದೆ. ಅದಕ್ಕೇ ಕಲಬುರಗಿ, ಕಮಲಾಪುರ ಕಡೆಯ ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರಲ್ಲಿ ಒಂದು ವಿನಂತಿ: ಹುಡುಗಿಯರ ಹಳೆಯ ಸ್ಕೋರ್ ಶೀಟು, ಆಯ್ಕೆ ಪತ್ರ, ಗ್ರೂಪ್ ಫೋಟೊಗಳನ್ನು ರದ್ದಿಗೆ ಹಾಕಬೇಡಿ. ಫೋಟೊದ ಹಿಂದೆ ಹೆಸರು, ಇಸವಿ ಬರೆದಿಡಿ.